ಗುಪ್ತಚರ ವ್ಯವಸ್ಥೆಗೂ ಉತ್ತರದಾಯಿತ್ವ ಬೇಡವೇ?

ದೇಶದ ರಕ್ಷಣೆಗೆ ಗುಪ್ತಚರ ಸಂಸ್ಥೆಗಳು ಅನಿವಾರ್ಯವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಖಂದಕ್ ಯುದ್ಧದ ರಾತ್ರಿ ಶತ್ರುಪಾಳೆಯದ ಸುದ್ದಿ ತರಲು ಪ್ರವಾದಿವರ್ಯರು(ಸ) ಹುಝೈಫಾ(ರ)ರನ್ನು ಕಳುಹಿಸಿದ್ದರು. ಆದರೆ ಶತ್ರುವಿನ ಪಾಳೆಯವನ್ನು ಅರಿಯುವುದು ಬೇರೆ, ಸ್ವಂತ ಪ್ರಜೆಯ ಮನೆಯೊಳಗೆ ಇಣುಕುವುದು ಬೇರೆ. ಅಲ್ ಹುಜುರಾತ್ ಅಧ್ಯಾಯದ 12ನೇ ಸೂಕ್ತವು ಗುಮಾನಿ, ಗುಟ್ಟು ಕೆದಕುವಿಕೆ ಮತ್ತು ಪರದೂಷಣೆಗಳನ್ನು ಒಟ್ಟಿಗೇ ವಿರೋಧಿಸಿದೆ.

ಈ ಆಜ್ಞೆ ನೆರೆಹೊರೆಯವರಿಗಷ್ಟೇ ಅಲ್ಲ, ಆಳುವವರಿಗೂ ಅನ್ವಯಿಸುತ್ತದೆ. ಇಮಾಮ್ ಗಝ್ಝಾಲಿ(ರ) ಉಲ್ಲೇಖಿಸಿರುವ ಪ್ರಸಿದ್ಧ ವೃತ್ತಾಂತವೊಂದಿದೆ. ಖಲೀಫಾ ಉಮರ್(ರ) ರಾತ್ರಿ ಗಸ್ತಿನಲ್ಲಿ ಗೋಡೆಯೇರಿ ಒಬ್ಬನ ಪಾಪಕೃತ್ಯವನ್ನು ಕಂಡುಹಿಡಿದರು. ತಾನು ಮಾಡಿದ್ದು ಒಂದು ತಪ್ಪಾದರೆ ಖಲೀಫರು ಮಾಡಿದ್ದು ಮೂರು ಎಂದು ಆತ ಎಣಿಸಿ ತೋರಿಸಿದ: ಗುಟ್ಟು ಕೆದಕಿದ್ದು, ಬಾಗಿಲ ಮೂಲಕ ಬಾರದಿದ್ದುದು, ಸಲಾಮ್ ಹೇಳಿ ಅನುಮತಿ ಪಡೆಯದಿದ್ದುದು. ಖಲೀಫರು ಅವನನ್ನು ಬಿಟ್ಟು ಹೊರಟರು. ಪ್ರಜೆಯ ಪ್ರಶ್ನೆಗೆ ಅಧಿಕಾರವು ತಲೆಬಾಗಿದ್ದೇ ಅಲ್ಲಿನ ಪಾಠ.

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಯಾರ ಮುಂದೆ ಕೇಳಬೇಕು? 1887ರಲ್ಲಿ ಬ್ರಿಟಿಷರ ಕಾಲದಲ್ಲಿ ಮೊಳೆತ ಇಂಟೆಲಿಜೆನ್ಸ್ ಬ್ಯೂರೋ ಆಗಲಿ, 1968ರಲ್ಲಿ ಹುಟ್ಟಿದ ‘ರಾ’ ಆಗಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಿಂದ ಸ್ಥಾಪನೆಯಾದವಲ್ಲ. ಭ್ರಷ್ಟಾಚಾರ ಮತ್ತು ಮಾನವಹಕ್ಕು ಉಲ್ಲಂಘನೆಯ ಆರೋಪಗಳನ್ನು ಹೊರತುಪಡಿಸಿದರೆ ಮಾಹಿತಿ ಹಕ್ಕು ಕಾಯ್ದೆಯೂ ಇವುಗಳಿಗೆ ಅನ್ವಯಿಸದು. ಇವುಗಳಿಗೆ ಕಾನೂನಿನ ಚೌಕಟ್ಟು ಒದಗಿಸಲು ಸಂಸದ ಮನೀಶ್ ತಿವಾರಿ 2011ರಲ್ಲಿ ಮಂಡಿಸಿದ ಖಾಸಗಿ ಮಸೂದೆ ಕಾಯ್ದೆಯಾಗಲಿಲ್ಲ. ಬ್ರಿಟನ್ನಿನಲ್ಲಾದರೋ 1989 ಮತ್ತು 1994ರ ಕಾಯ್ದೆಗಳು ಗುಪ್ತಚರ ಸಂಸ್ಥೆಗಳಿಗೆ ಕಾನೂನಿನ ತಳಹದಿಯನ್ನು ಒದಗಿಸಿದವು. ಮೇಲ್ವಿಚಾರಣೆಗೆ ಸಂಸದರ ಸಮಿತಿಯೂ ರಚನೆಯಾಯಿತು.

ಸಂಸ್ಥೆಗಳು ಸರಕಾರದ ಹಿಡಿತದಲ್ಲಿವೆಯಲ್ಲ, ಅಷ್ಟು ಸಾಲದೇ ಎಂದು ಕೆಲವರು ಕೇಳಬಹುದು. ಆ ಹಿಡಿತವೇ ಸಮಸ್ಯೆಯಾದಾಗ ಏನು ಮಾಡುವುದು? ದೂರವಾಣಿ ಕದ್ದಾಲಿಕೆಯ ಆರೋಪದಿಂದಾಗಿ 1988ರಲ್ಲಿ ನಮ್ಮದೇ ರಾಜ್ಯದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ನೀಡಬೇಕಾಯಿತು. 1996ರಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ನಿಯಮಗಳನ್ನು ವಿಧಿಸಿತು. ಆದರೆ ಆ ವ್ಯವಸ್ಥೆಯಲ್ಲಿ ಅನುಮತಿ ನೀಡುವವರೂ ಸರಕಾರದ ಕಾರ್ಯದರ್ಶಿಗಳು, ಅದನ್ನು ಪರಿಶೀಲಿಸುವವರೂ ಸರಕಾರದ ಕಾರ್ಯದರ್ಶಿಗಳು! ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಘೋಷಿತವಾಯಿತು. ಐದು ವರ್ಷಗಳ ಬಳಿಕ, ಪೆಗಾಸಸ್ ಪ್ರಕರಣದಲ್ಲಿ ನ್ಯಾಯಾಲಯವೇ ನೇಮಿಸಿದ ಸಮಿತಿಗೆ ಕೇಂದ್ರ ಸರಕಾರ ಸಹಕರಿಸಲಿಲ್ಲವೆಂದು ಮುಖ್ಯ ನ್ಯಾಯಮೂರ್ತಿಗಳೇ ಹೇಳಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯುತ್ತಿದೆಯೇ ಎಂದು ನೋಡಲು ಹೋದವರಿಗೂ ಹೊಲದ ದಾರಿ ಸಿಗಲಿಲ್ಲ.

ಈ ವಿಷಯವನ್ನು ನಾವು ಕೇವಲ ನಮ್ಮ ಸಮುದಾಯದ ಅಳಲಾಗಿ ಮಂಡಿಸಬಾರದು. ಸಂಶಯದ ದೃಷ್ಟಿ ನಮ್ಮ ಮನೆಗಳ ಮೇಲೆ ಬಿದ್ದಾಗ ನೋಯುತ್ತೇವೆ, ಸರಿ. ಆದರೆ ನಮಗೆ ಹಿತವೆನಿಸುವ ಪಕ್ಷ ಅಧಿಕಾರದಲ್ಲಿದ್ದು, ನಮಗಾಗದವರ ಫೋನು ಕದ್ದಾಲಿಕೆಯಾದಾಗಲೂ ನಾವು ಬಾಯಿ ತೆರೆಯುತ್ತೇವೆಯೇ? ನ್ಯಾಯಕ್ಕೆ ಪಕ್ಷಭೇದವಿಲ್ಲ. ಸಂಸತ್ತಿನ ಕಾಯ್ದೆ, ವಿರೋಧ ಪಕ್ಷಗಳೂ ಇರುವ ಮೇಲ್ವಿಚಾರಣಾ ಸಮಿತಿ, ಕದ್ದಾಲಿಕೆಗೆ ಮುಂಚೆ ನ್ಯಾಯಾಧೀಶರ ಅನುಮತಿ — ಈ ಮೂರನ್ನು ಮತ ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯ ಮುಂದೆಯೂ ಇಡೋಣ. ಗೋಡೆಯೇರಿದ ಖಲೀಫರನ್ನು ಪಾಪಿಯೊಬ್ಬ ಪ್ರಶ್ನಿಸಬಹುದಾದರೆ, ಚುನಾಯಿತ ಸರಕಾರವನ್ನು ಪ್ರಶ್ನಿಸಲು ನಾವು ಹಿಂಜರಿಯಬೇಕೇ?