ಬೆಟ್ಟ ಕೇಳದ ಪಾಸ್‌ಪೋರ್ಟು

ನಾರ್ವೆ ದೇಶದಲ್ಲಿ ಸರ್ವರಿಗೂ ಸಲ್ಲುವ ಹಕ್ಕೊಂದಿದೆ. 1957ರಲ್ಲಿ ಅಂಗೀಕೃತವಾದ ಹೊರಾಂಗಣ ಜೀವನದ ಕಾಯಿದೆಯ ಪ್ರಕಾರ, ಸಾಗುವಳಿಯಿಲ್ಲದ ಬೆಟ್ಟ, ಕಾಡು, ಬಯಲುಗಳಲ್ಲಿ ಯಾರು ಬೇಕಾದರೂ ನಡೆದಾಡಬಹುದು. ಆ ಭೂಮಿ ಖಾಸಗಿಯವರದಾಗಿದ್ದರೂ ಅಡ್ಡಿಯಿಲ್ಲ. ವಾಸದ ಮನೆಯಿಂದ ಕನಿಷ್ಠ 150 ಮೀಟರ್ ದೂರದಲ್ಲಿ, ಮಾಲೀಕನ ಅಪ್ಪಣೆಯಿಲ್ಲದೆಯೇ ಎರಡು ರಾತ್ರಿ ಡೇರೆ ಹಾಕಬಹುದು. ನಡೆಯುವವನು ಓಸ್ಲೋದವನೋ ಕಠ್ಮಂಡುವಿನವನೋ ಎಂದು ಈ ಹಕ್ಕು ವಿಚಾರಿಸುವುದಿಲ್ಲ. ಇದೇ ಹಕ್ಕಿನ ನೆರಳಿನಲ್ಲಿ ಅಲ್ಲಿ ‘ಫ್ರಿಲುಫ್ಟ್ಸ್‌ಲಿವ್’, ಅಂದರೆ ಬಯಲ ಬದುಕು, ಎಂಬ ವಿದ್ಯೆ ಬೆಳೆದು ವಿಶ್ವವಿದ್ಯಾಲಯಗಳ ಪಾಠಕ್ರಮವಾಗಿದೆ. ಆದರೆ 2023ರ ಶರತ್ಕಾಲದಿಂದ ಈ ವಿದ್ಯೆಯ ಹೆಬ್ಬಾಗಿಲಿನಲ್ಲಿ ಪಾಸ್‌ಪೋರ್ಟಿನ ತಪಾಸಣೆ ಆರಂಭವಾಗಿದೆ. ಯುರೋಪಿನ ಆರ್ಥಿಕ ವಲಯದ ಹೊರಗಿನಿಂದ ಬರುವ ವಿದ್ಯಾರ್ಥಿಗಳು ಬೋಧನಾ ಶುಲ್ಕ ತೆರಬೇಕೆಂದು ನಾರ್ವೆ ಸರ್ಕಾರ ವಿಧಿಸಿತು. ಬೆಟ್ಟ ಎಂದೂ ಕೇಳದ ಪಾಸ್‌ಪೋರ್ಟನ್ನು ಬೆಟ್ಟದ ಪಾಠ ಹೇಳುವ ತರಗತಿ ಕೇಳುತ್ತಿದೆ. ಇದು ಆ ವಿದ್ಯೆಯ ಮೂಲತತ್ತ್ವಕ್ಕೇ ಬಗೆದ ದ್ರೋಹ.

ಹಿಮದ ಮೇಲೆ ಜಾರುವುದನ್ನೋ ಹಗ್ಗ ಹಿಡಿದು ಹತ್ತುವುದನ್ನೋ ಕಲಿಸುವುದಷ್ಟೇ ಈ ಶಿಕ್ಷಣದ ಗುರಿಯಲ್ಲ. ಹಿಮಕುಸಿತದ ಸೂಚನೆಗಳನ್ನು ಗುರುತಿಸುವುದು, ತಂಡದ ಅತ್ಯಂತ ದುರ್ಬಲ ವ್ಯಕ್ತಿಯ ಶಕ್ತಿಗೆ ತಕ್ಕಂತೆ ಹಾದಿಯನ್ನು ಆರಿಸುವುದು, ಸ್ಥಳದ ಸಸ್ಯ, ಪ್ರಾಣಿ, ಜನಜೀವನಗಳನ್ನು ಅರಿತು ಇತರರಿಗೆ ತಿಳಿಸುವುದು ಇವೆಲ್ಲ ಅದರ ಅಂಗಗಳು. 1952ರಿಂದ ಪ್ರಚಾರದಲ್ಲಿರುವ, 2016ರಲ್ಲಿ ಪರಿಷ್ಕೃತವಾದ ನಾರ್ವೆಯ ಒಂಬತ್ತು ಪರ್ವತ ನಿಯಮಗಳಲ್ಲಿ ಸಕಾಲದಲ್ಲಿ ಹಿಂದಿರುಗುವುದು ನಾಚಿಕೆಯಲ್ಲ ಎಂಬುದೂ ಒಂದು. ಶಿಖರವನ್ನು ಗೆಲ್ಲಬೇಕೆಂಬ ಹಟದ ಈ ಕಾಲದಲ್ಲಿ, ಹಿಂದಿರುಗುವುದನ್ನು ಪಾಠವಾಗಿ ಕಲಿಸುವ ಶಿಕ್ಷಣ ಎಷ್ಟು ಕಡೆ ಇದೆ?

ಈ ವಿದ್ಯೆಯನ್ನು ನಾರ್ವೆ ತಾನೊಬ್ಬನೇ ಕಟ್ಟಿಕೊಂಡದ್ದಲ್ಲ. ಇದರ ಪ್ರಮುಖ ಶಿಲ್ಪಿ ನಿಲ್ಸ್ ಫಾರ್ಲುಂಡ್. 1967ರಲ್ಲಿ ಹೆಮ್ಸೆಡಾಲಿನಲ್ಲಿ ಪರ್ವತ ಶಾಲೆಯನ್ನು ತೆರೆದವರು ಅವರು. 1971ರಲ್ಲಿ ಅವರು ತತ್ತ್ವಜ್ಞಾನಿಗಳಾದ ಆರ್ನೆ ನೇಸ್ ಹಾಗೂ ಸಿಗ್ಮುಂಡ್ ಕ್ವಾಲೊಯ್ ಅವರೊಡನೆ ನೇಪಾಳದ ರೋಲ್ವಾಲಿಂಗ್ ಕಣಿವೆಗೆ ಹೋದರು. ಅಲ್ಲಿಯ ಶೆರ್ಪಾ ಜನರು ತ್ಸೆರಿಂಗ್ಮಾ ಎಂದು ಪೂಜಿಸುವ ಗೌರೀಶಂಕರ ಪರ್ವತದ ತುದಿಯನ್ನು ಮೆಟ್ಟಬಾರದೆಂದು ನಿರ್ಧರಿಸಿಯೇ ಹೋದ ತಂಡವದು. ಆ ಪವಿತ್ರ ಶಿಖರವನ್ನು ಆರೋಹಿಗಳಿಂದ ಕಾಪಾಡಬೇಕೆಂಬ ಮನವಿಗೂ ಅದು ದನಿಗೂಡಿಸಿತು. ಗಾಂಧೀಜಿಯ ಚಿಂತನೆಯನ್ನು ಆಳವಾಗಿ ಅಭ್ಯಸಿಸಿ ಗ್ರಂಥಗಳನ್ನು ರಚಿಸಿದವರು ನೇಸ್. 1970ರಲ್ಲಿ ಮಾರ್ಡಾಲ ಜಲಪಾತವನ್ನು ವಿದ್ಯುತ್ ಯೋಜನೆಯಿಂದ ಉಳಿಸಲು ನಡೆದ ಸತ್ಯಾಗ್ರಹದಲ್ಲಿ ಪೊಲೀಸರು ಅವರನ್ನು ಹೊತ್ತೊಯ್ದರು. ಹೀಗೆ ಸಬರಮತಿಯ ಅಹಿಂಸೆಯೂ ಶೆರ್ಪಾ ಹಳ್ಳಿಯ ಭಕ್ತಿಯೂ ಸೇರಿ ರೂಪುಗೊಂಡ ವಿದ್ಯೆಗೆ, ಇಂದು ಶೆರ್ಪಾ ಮಗುವೂ ಭಾರತದ ಮಗುವೂ ಬೆಲೆ ತೆರಬೇಕಾಗಿದೆ. ಓಸ್ಲೋ, ಬರ್ಲಿನ್, ಪ್ಯಾರಿಸ್‌ಗಳ ಮಕ್ಕಳಿಗೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಅದು ಉಚಿತ.

ವಿಪರ್ಯಾಸ ಇಲ್ಲಿಗೆ ಮುಗಿಯುವುದಿಲ್ಲ. ನಾರ್ವೆಯ ಸವೆದ ಬೆಟ್ಟದ ಹಾದಿಗಳಿಗೆ ಕಲ್ಲು ಹಾಸುತ್ತಿರುವವರು ಯಾರು? ನೇಪಾಳದಿಂದ ಕರೆಸಿದ ಶೆರ್ಪಾಗಳು. ಪ್ರೈಕೆಸ್ಟೋಲನ್ ಬಂಡೆಗೆ ಹೋಗುವ ಹಾದಿಯನ್ನು ಸರಿಪಡಿಸಿದವರು ಅವರು. ಟ್ರೊಮ್ಸೊ ನಗರದ ಬೆಟ್ಟಕ್ಕೆ 1,200ಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲುಗಳನ್ನು ಕಟ್ಟಿದವರೂ ಅವರೇ. ಅದಕ್ಕೆ ಶೆರ್ಪಾ ಮೆಟ್ಟಿಲೆಂದೇ ಹೆಸರು. ಅವರಿಗೆ ಕೂಲಿಯೂ ದೊರೆತಿದೆ, ಗೌರವವೂ ಸಂದಿದೆ. ಆದರೆ ಅದೇ ಟ್ರೊಮ್ಸೊದ ವಿಶ್ವವಿದ್ಯಾಲಯ ನಡೆಸುವ ಆರ್ಕ್‌ಟಿಕ್ ನಿಸರ್ಗ ಮಾರ್ಗದರ್ಶಕರ ಪಾಠಕ್ಕೆ ಆ ಕಲ್ಲುಕುಟಿಗನ ಮಗಳು ನೇಪಾಳದಿಂದ ಅರ್ಜಿ ಹಾಕಿದರೆ, ಅವಳು ಶುಲ್ಕ ತೆರಬೇಕಾದ ಪರಕೀಯಳು. ತೋಳುಗಳಿಗೆ ಸ್ವಾಗತ, ತಲೆಗೆ ಸುಂಕ!

ನಾರ್ವೆಯ ತೆರಿಗೆದಾರನು ಹೊರಗಿನವರ ಮಕ್ಕಳನ್ನೇಕೆ ಓದಿಸಬೇಕು ಎಂಬುದು ಶುಲ್ಕದ ಪರವಾದ ವಾದ. ಸ್ವೀಡನ್ 2011ರಲ್ಲೂ ಫಿನ್ಲೆಂಡ್ 2017ರಲ್ಲೂ ಇದನ್ನೇ ಮಾಡಿದವಲ್ಲವೇ ಎಂದೂ ಕೇಳುತ್ತಾರೆ. ವಾದ ಸರಳವಾಗಿ ಕಾಣುತ್ತದೆ. ಆದರೆ ನಾರ್ವೆಯ ಸಂಪತ್ತಿನ ದೊಡ್ಡ ಪಾಲು ಸಮುದ್ರತಳದ ತೈಲ ಹಾಗೂ ಅನಿಲದಿಂದ ಬಂದುದು. 1990ರಲ್ಲಿ ಕಾನೂನಿನ ಮೂಲಕ ಸ್ಥಾಪಿತವಾದ ಅದರ ನಿಧಿ ಜಗತ್ತಿನ ಅತಿ ದೊಡ್ಡ ನಿಧಿಗಳಲ್ಲಿ ಒಂದು. ಆ ತೈಲ ಉರಿದ ಹೊಗೆ ಯಾವ ಗಡಿಯಲ್ಲೂ ನಿಲ್ಲದೆ ಹಿಮಾಲಯದ ನೀರ್ಗಲ್ಲನ್ನು ಕರಗಿಸುತ್ತದೆ. ನಷ್ಟಕ್ಕೆ ಗಡಿಯಿಲ್ಲವೆಂದ ಮೇಲೆ ಕಲಿಕೆಗೆ ಮಾತ್ರ ಗಡಿಯೇಕೆ? ಬಡ ರಾಷ್ಟ್ರಗಳ ವಿದ್ಯಾರ್ಥಿಗಳಿಗಾಗಿ ಹಿಂದೆ ಇದ್ದ ಕೋಟಾ ಯೋಜನೆಯನ್ನೂ ನಾರ್ವೆ 2016ರಲ್ಲಿ ಕೈಬಿಟ್ಟಿತು. ಶುಲ್ಕದ ಮೇಲೆ ಒಂದು ವರ್ಷದ ಜೀವನವೆಚ್ಚ ತನ್ನಲ್ಲಿದೆ ಎಂಬುದಕ್ಕೆ ಪುರಾವೆ, ಬೂಟು, ಹಿಮಪಾದುಕೆ, ಮಲಗುವ ಚೀಲ ಇವೆಲ್ಲ ಸೇರಿದರೆ, ಅಲ್ಲಿಗೆ ತಲುಪುವವರು ನಗರದ ಶ್ರೀಮಂತರ ಮಕ್ಕಳೇ ಹೊರತು ಬೆಟ್ಟದ ಮಕ್ಕಳಲ್ಲ. ನಾಳೆ ಇಂಥವರೇ ಪ್ರಮಾಣಪತ್ರ ಹಿಡಿದು ಬೆಟ್ಟಗಳಿಗೆ ಮರಳಿ, ಕಾಡಿನಲ್ಲೇ ಹುಟ್ಟಿ ಬೆಳೆದವನನ್ನು ಹೊರೆಯಾಳಾಗಿ ನೇಮಿಸಿಕೊಳ್ಳುತ್ತಾರೆ.

ಹಾಗಾದರೆ ಮಲೆನಾಡಿನ ಯುವಕ ಯುವತಿಯರಿಗೆ ಅಲ್ಲಿಯ ವಿದ್ಯೆಯಿಂದ ಆಗಬೇಕಾದುದೇನು? ಒಂದು ಉದಾಹರಣೆ ಸಾಕು. ನಾರ್ವೆಯ ಕಾಯಿದೆ ಹೊಲ, ಹುಲ್ಲುಗಾವಲುಗಳಲ್ಲಿ ನಡೆಯಲು ಚಳಿಗಾಲದಲ್ಲಿ ಮಾತ್ರ, ಅದೂ ನೆಲ ಹೆಪ್ಪುಗಟ್ಟಿದ್ದಾಗ ಇಲ್ಲವೇ ಹಿಮ ಮುಚ್ಚಿದ್ದಾಗ, ಬಿಡುತ್ತದೆ. ಏಪ್ರಿಲ್ 30ರಿಂದ ಅಕ್ಟೋಬರ್ 14ರವರೆಗೆ ಬಿಡುವುದಿಲ್ಲ. ಹೆಪ್ಪುಗಟ್ಟಿದ ಮಣ್ಣು ತುಳಿತವನ್ನು ತಾಳುತ್ತದೆ. ಹಸಿ ಮಣ್ಣು ತಾಳದು: ಅದರ ರಂಧ್ರಗಳು ಮುಚ್ಚುತ್ತವೆ, ಬೇರಿಗೆ ಗಾಳಿಯಾಡದು, ಇಂಗಬೇಕಾದ ನೀರು ಮೇಲೆಯೇ ಹರಿದು ಹಾದಿಯನ್ನು ಕೊರಕಲಾಗಿಸುತ್ತದೆ. ಸಹ್ಯಾದ್ರಿಯಲ್ಲಿ ಈ ತತ್ತ್ವ ಅದೇ, ತಿಂಗಳುಗಳ ಲೆಕ್ಕ ಬೇರೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡದ ಹುಲ್ಲುಗಾವಲು ಅತ್ಯಂತ ಮೆತ್ತಗಿರುತ್ತದೆ. ಚಾರಣದ ವ್ಯಾಪಾರಿಗಳು ಮಳೆಗಾಲದ ಸೊಬಗೆಂದು ಜಾಹೀರಾತು ಕೊಟ್ಟು ಜನರನ್ನು ತುಂಬಿ ತರುವುದೂ ಅದೇ ತಿಂಗಳುಗಳಲ್ಲಿ!

2024ರ ಜನವರಿಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಜನ ಸಾವಿರಗಟ್ಟಲೆ ನೆರೆದ ಮೇಲೆ, ಮುಂಗಡ ನೋಂದಣಿಯಿಲ್ಲದ ಚಾರಣವನ್ನು ಸರ್ಕಾರ ತಡೆಯಿತು. ಅದೇ ವರ್ಷ ಆನ್‌ಲೈನ್ ಟಿಕೆಟ್ ವ್ಯವಸ್ಥೆ ಬಂತು. ಅದು ಸ್ವಾಗತಾರ್ಹವೇ. ಆದರೆ ಟಿಕೆಟು ತಲೆ ಎಣಿಸಬಲ್ಲದು. ಈ ದಿನ ಈ ನೆಲ ಎಷ್ಟು ಹೆಜ್ಜೆಗಳನ್ನು ತಾಳೀತು ಎಂದು ಹೇಳಲಾರದು. ಅದನ್ನು ಹೇಳಬಲ್ಲವನು, ಹೇಳಿ ಜನರನ್ನು ಹಿಂದಿರುಗಿಸಬಲ್ಲವನು ಮಾರ್ಗದರ್ಶಕ. ಆ ಧೈರ್ಯವನ್ನು ವಿದ್ಯೆಯಾಗಿ ಕಲಿಯಬೇಕಾಗಿದೆ.

ದಾರಿ ಪೂರ್ತಿ ಮುಚ್ಚಿಲ್ಲ. ಉಭಯ ಸಂಸ್ಥೆಗಳ ಒಪ್ಪಂದದ ಮೇಲೆ ವಿನಿಮಯ ವಿದ್ಯಾರ್ಥಿಯಾಗಿ ಹೋಗುವವರಿಗೆ ಈ ಶುಲ್ಕವಿಲ್ಲ. ನಾರ್ವೆಯಲ್ಲಿ ಈ ವಿಷಯದ ಪೂರ್ಣ ಪದವಿಗಳು ಬಹುಪಾಲು ಅಲ್ಲಿಯ ಭಾಷೆಯಲ್ಲೇ ಇದ್ದು, ಇಂಗ್ಲಿಷಿನ ಪಾಠಗಳು ಹೆಚ್ಚಾಗಿ ಇಂಥ ವಿನಿಮಯದವರಿಗೆಂದೇ ಇವೆ. ಶಿರಸಿ, ಪೊನ್ನಂಪೇಟೆಗಳಲ್ಲಿ ಅರಣ್ಯ ಕಾಲೇಜುಗಳಿವೆ. ಅವುಗಳ ವಿಶ್ವವಿದ್ಯಾಲಯಗಳು ಇಂಥ ಒಪ್ಪಂದಕ್ಕೆ ಮುಂದಾಗಲಿ ಎಂದು ಮಲೆನಾಡಿನ ವಿದ್ಯಾರ್ಥಿಗಳು ಒತ್ತಾಯಿಸಬೇಕು. ಒಪ್ಪಂದ ಏಕಮುಖವಾಗಿರಬಾರದು. ಇಲ್ಲಿಂದ ಹೋದವರು ಹಿಮದ ಭಾಷೆಯನ್ನು ಕಲಿಯಲಿ. ಅಲ್ಲಿಂದ ಬಂದವರು ಕಾನು, ದೇವರಕಾಡು, ಸೊಪ್ಪಿನಬೆಟ್ಟಗಳ ಮರ್ಮವನ್ನು ಹಳ್ಳಿಯ ಹಿರಿಯರ ಬಳಿ ಕುಳಿತು ಕಲಿಯಲಿ, ಆ ಹಿರಿಯರಿಗೆ ಗುರುವಿನ ಸ್ಥಾನವೂ ಸಂಭಾವನೆಯೂ ಸಲ್ಲಲಿ. ಬೆಟ್ಟದ ನಾಡಿನಿಂದ ಬರುವ ಬಡ ವಿದ್ಯಾರ್ಥಿಗಳಿಗೆ ಈ ಒಂದು ಪಾಠಕ್ರಮದಲ್ಲಾದರೂ ಶುಲ್ಕರಹಿತ ಸ್ಥಾನಗಳನ್ನು ನಾರ್ವೆ ಮೀಸಲಿಡಲಿ. 1957ರ ಕಾಯಿದೆಯನ್ನು ಜಗತ್ತಿನ ಮುಂದೆ ಹೆಮ್ಮೆಯಿಂದ ತೋರಿಸುವ ದೇಶಕ್ಕೆ ಇದು ಭಾರವಲ್ಲ.