ಮೆರಿಟ್ ಯಾರಪ್ಪನ ಮನೆ ಸ್ವತ್ತು?

ಹಾಸ್ಟೆಲ್ ಗೆಳೆಯರೇ, ಗೆಳತಿಯರೇ,

ಪಿಯುಸಿ ರಿಸಲ್ಟು ಬಂದ ಮಾರನೇ ದಿನವೇ ವಿಜಯನಗರದಿಂದ ಕೆಂಗೇರಿವರೆಗೆ ಕಂಬ ಕಂಬಕ್ಕೂ ಕಾಲೇಜಿನ ಬ್ಯಾನರು. ‘ಪ್ರತಿಭಾವಂತರಿಗೆ ರಿಯಾಯಿತಿ’, ‘ಮೆರಿಟ್ ಸ್ಕಾಲರ್‌ಶಿಪ್’. ಬ್ಯಾನರಿನ ಮೇಲೆ ಬಿಳಿ ಕೋಟು ಹಾಕಿಕೊಂಡು ನಗುವ ಮಕ್ಕಳು. ಊರಿಂದ ಬಂದ ನಮ್ಮ ಹುಡುಗ ಅದನ್ನು ನೋಡುತ್ತಾನೆ. ‘ಸೈನ್ಸು ನಮ್ಮಂಥೋರಿಗಲ್ಲ ಬಿಡಣ್ಣ’ ಅಂತಾನೆ. ಸೈನ್ಸಿನಲ್ಲಿ ಒಳ್ಳೇ ನಂಬರು ತೆಗೆದವನೂ ಸಿಕ್ಕಿದ ಕೋರ್ಸಿಗೆ ಹೋಗಿ ಸೇರುತ್ತಾನೆ.

ಯಾರು ಹೇಳಿದ್ದು ನಮ್ಮಂಥೋರಿಗಲ್ಲ ಅಂತ? ಭೂಮಿ ಎಲ್ಲರನ್ನೂ ಒಂದೇ ಸಮ ಎಳೆಯುತ್ತದೆ. ಅದು ಯಾರ ಜಾತಿ ಸರ್ಟಿಫಿಕೇಟನ್ನೂ ಕೇಳುವುದಿಲ್ಲ. ಕೇಳುವವರು ಮನುಷ್ಯರು.

ಬಿಎ ಓದುವುದು ಕೀಳೆಂದು ನಾವು ಹೇಳುತ್ತಿಲ್ಲ. ಇಷ್ಟಪಟ್ಟು ಓದುವುದು ಬೇರೆ, ಈ ಬಾಗಿಲು ನನಗೆ ಮುಚ್ಚಿದೆ ಎಂದು ತಿಳಿದು ಇನ್ನೊಂದು ಬಾಗಿಲಿಗೆ ಹೋಗುವುದು ಬೇರೆ. ಈ ವ್ಯತ್ಯಾಸವನ್ನು ಬಾಬಾಸಾಹೇಬರು 1942ರಲ್ಲೇ ವೈಸರಾಯ್ ಲಿನ್‌ಲಿತ್ಗೋ ಮುಂದೆ ಇಟ್ಟರು. ನಮ್ಮ ಮಕ್ಕಳು ಆರ್ಟ್ಸು, ಲಾ ಕಡೆ ಹೋಗುವುದು ವಿಜ್ಞಾನ ಮತ್ತು ತಾಂತ್ರಿಕ ಓದಿನ ಖರ್ಚು ತಡೆಯಲಾರದೆ ಎಂದು ತಮ್ಮ ಮನವಿಪತ್ರದಲ್ಲಿ ವಾದಿಸಿದರು. ಆ ಓದಿಗೆಂದೇ ವರ್ಷಕ್ಕೆ 2 ಲಕ್ಷ ರೂಪಾಯಿ, ವಿದೇಶದಲ್ಲಿ ಓದಲು 1 ಲಕ್ಷ ರೂಪಾಯಿ ಕೇಳಿದರು. 1944ರಲ್ಲಿ ಪರಿಶಿಷ್ಟ ಜಾತಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಅದು ಯಾವ ದಾನಿಯ ಔದಾರ್ಯವೂ ಅಲ್ಲ. ಕೇಳಿ ಪಡೆದದ್ದು, ಲೆಕ್ಕ ಹಾಕಿ ಪಡೆದದ್ದು.

ಈಗ ಬ್ಯಾನರಿನ ಮೆರಿಟ್ ನೋಡೋಣ. ಮೊದಲು ಫೀಸನ್ನು ಆಕಾಶಕ್ಕೆ ಏರಿಸುವುದು. ಆಮೇಲೆ ಅದರಲ್ಲಿ ಒಂದಿಷ್ಟು ಇಳಿಸಿ ‘ಸ್ಕಾಲರ್‌ಶಿಪ್ ಕೊಟ್ಟೆವು’ ಅನ್ನುವುದು. ಸಂತೆಯಲ್ಲಿ ಸೀರೆ ಮಾರುವವನೂ ಇದನ್ನೇ ಮಾಡುತ್ತಾನೆ, ಆದರೆ ಅವನು ಅದಕ್ಕೆ ಮೆರಿಟ್ ಅಂತ ಹೆಸರಿಡುವುದಿಲ್ಲ. ಎರಡನೇ ವರ್ಷಕ್ಕೆ ರಿಯಾಯಿತಿ ಇದೆಯೇ? ನಂಬರು ಸ್ವಲ್ಪ ಇಳಿದರೆ ಏನು ಗತಿ? ಲ್ಯಾಬ್ ಫೀಸು, ಪರೀಕ್ಷಾ ಫೀಸು, ‘ಅಭಿವೃದ್ಧಿ’ ಫೀಸು ಬೇರೆಯೇ? ಇದನ್ನೆಲ್ಲ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ರಿಯಾಯಿತಿ ಬಾಯಲ್ಲೇ ಉಳಿಯುತ್ತದೆ.

‘ನಮ್ಮದು ಎ++ ಕಾಲೇಜು’ ಅಂತಾರೆ. ಈ ಗ್ರೇಡು ಕೊಡುವ ನ್ಯಾಕ್ ಕಚೇರಿ ಇರುವುದು ನಮ್ಮ ನಾಗರಭಾವಿಯಲ್ಲೇ. ಆಂಧ್ರದ ಗುಂಟೂರು ಜಿಲ್ಲೆಯ ಒಂದು ಖಾಸಗಿ ಸಂಸ್ಥೆಗೆ ಎ++ ಕೊಡಲು ಲಂಚ ತೆಗೆದುಕೊಂಡ ಆರೋಪದ ಮೇಲೆ 2025ರ ಫೆಬ್ರವರಿಯಲ್ಲಿ ಸಿಬಿಐ ಬಂಧಿಸಿದ್ದು ನ್ಯಾಕ್‌ನ ತಪಾಸಣಾ ತಂಡದವರನ್ನೇ. ಎಲ್ಲ ಗ್ರೇಡೂ ಸುಳ್ಳೆಂದಲ್ಲ. ಆದರೆ ಗ್ರೇಡು ನೋಡಿ ಕಾಲೇಜು ಸೇರುವುದು ಡಬ್ಬದ ಮೇಲಿನ ಚಿತ್ರ ನೋಡಿ ಬಿಸ್ಕತ್ತು ಕೊಂಡ ಹಾಗೆ.

ಹಾಗಾದರೆ ಏನು ನೋಡಬೇಕು? ಕಾಲೇಜಿನ ಗೇಟು ಬೇಡ, ಲ್ಯಾಬಿಗೆ ಹೋಗಿ. ವಾರಕ್ಕೆ ಎಷ್ಟು ಗಂಟೆ ಪ್ರಾಕ್ಟಿಕಲ್? ಒಂದು ಉಪಕರಣಕ್ಕೆ ಎಷ್ಟು ಜನ? ಪ್ರಯೋಗ ನಾವೇ ಮಾಡುತ್ತೇವೋ, ಅಟೆಂಡರು ಮಾಡಿದ್ದನ್ನು ನೋಡಿ ರೆಕಾರ್ಡು ಬರೆಯುತ್ತೇವೋ? ಕಾಯಂ ಮೇಷ್ಟ್ರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು? ಕನ್ನಡ ಮಾಧ್ಯಮದಿಂದ ಬಂದವನಿಗೆ ಮೊದಲ ವರ್ಷ ಯಾರಾದರೂ ಕೂತು ಹೇಳಿಕೊಡುತ್ತಾರೋ, ಇಲ್ಲ ‘ನಿನಗ್ಯಾಕಪ್ಪ ಸೈನ್ಸು’ ಅಂತಾರೋ? ಹೋದ ವರ್ಷದ ನಮ್ಮ ಹುಡುಗರಲ್ಲಿ ಎಷ್ಟು ಜನ ಮೂರನೇ ವರ್ಷ ಮುಟ್ಟಿದರು? ಈ ಕೊನೇ ಪ್ರಶ್ನೆಗೆ ಪ್ರಿನ್ಸಿಪಾಲರ ಉತ್ತರ ಬೇಡ, ಸೀನಿಯರ್ ಹುಡುಗರನ್ನು ಕೇಳಿ.

ಚಿಕ್ಕ ಕಾಲೇಜು ಅಂದರೆ ಮೂಗು ಮುರಿಯಬೇಡಿ. ಮೇಘನಾದ ಸಹಾ ಢಾಕಾದ ಸರ್ಕಾರಿ ಶಾಲೆಯಲ್ಲಿ ಸ್ಕಾಲರ್‌ಶಿಪ್ಪಿನ ಮೇಲೆ ಓದುತ್ತಿದ್ದ ಬಡ ಅಂಗಡಿಯವನ ಮಗ. ಬಂಗಾಳ ವಿಭಜನೆಯ ಗಲಾಟೆಯಲ್ಲಿ ಗವರ್ನರನ ಭೇಟಿಯನ್ನು ಬಹಿಷ್ಕರಿಸಿದ್ದಕ್ಕೆ ಶಾಲೆಯೂ ಹೋಯಿತು, ಸ್ಕಾಲರ್‌ಶಿಪ್ಪೂ ಹೋಯಿತು. ಕಿಶೋರಿಲಾಲ್ ಜುಬಿಲಿ ಶಾಲೆ ಅವರನ್ನು ಸೇರಿಸಿಕೊಂಡಿತು. ಅಲ್ಲಿಂದಲೇ 1909ರಲ್ಲಿ ಪೂರ್ವ ಬಂಗಾಳಕ್ಕೆ ಮೊದಲಿಗರಾದರು. ಮುಂದೆ ಕಲ್ಕತ್ತೆಯ ಈಡನ್ ಹಿಂದೂ ಹಾಸ್ಟೆಲಿನಲ್ಲಿ ಮೇಲ್ಜಾತಿ ಹುಡುಗರು ಅವರ ಜೊತೆ ಕೂತು ಉಣ್ಣಲು ಒಪ್ಪಲಿಲ್ಲ. ಪಂಕ್ತಿಯಿಂದ ಹೊರಗಿಟ್ಟ ಅದೇ ಮನುಷ್ಯ 1920ರಲ್ಲಿ ನಕ್ಷತ್ರಗಳ ಬೆಳಕನ್ನು ಓದುವ ಸಮೀಕರಣ ಕೊಟ್ಟರು. ಮೆರಿಟ್ ಯಾರ ಹತ್ತಿರ ಇತ್ತು? ಉಣ್ಣದವರ ಹತ್ತಿರವೋ, ಹೊರಗೆ ಕೂತವರ ಹತ್ತಿರವೋ?

ನಮ್ಮ ಸುತ್ತಮುತ್ತಲೇ ನೋಡಿ. ವಿಜಯನಗರ, ರಾಜಾಜಿನಗರ, ಕೆಂಗೇರಿಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಬಿಎಸ್ಸಿ ಇದೆಯೇ, ಯಾವ ಕಾಂಬಿನೇಷನ್ ಇದೆ, ಹೋಗಿ ಕೇಳಿ. ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ. ರಾಜಾಜಿನಗರದಲ್ಲಿ 1963ರಿಂದ ನಿಜಲಿಂಗಪ್ಪ ಕಾಲೇಜಿದೆ. 1921ರ ಸರ್ಕಾರಿ ವಿಜ್ಞಾನ ಕಾಲೇಜು ಈಗ ನೃಪತುಂಗ ವಿಶ್ವವಿದ್ಯಾಲಯ. ಮೈಸೂರಿಗೆ ಹೋಗಬಲ್ಲವರಿಗೆ 1928ರ ಯುವರಾಜ ಕಾಲೇಜಿದೆ. ಮೇಷ್ಟ್ರಾಗುವ ಆಸೆಯಿದ್ದರೆ ಅಲ್ಲೇ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ವಿಜ್ಞಾನ, ಬಿಎಡ್ ಎರಡೂ ನಾಲ್ಕು ವರ್ಷದಲ್ಲಿ ಮುಗಿಯುತ್ತವೆ. ಯಶವಂತಪುರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟು ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಮಾತ್ರ ಅಂದುಕೊಂಡಿದ್ದೀರಾ? 2011ರಿಂದ ಅಲ್ಲಿ ಪಿಯುಸಿ ಆದವರಿಗೆ ನಾಲ್ಕು ವರ್ಷದ ಪದವಿ ಇದೆ. ನೂರಕ್ಕೆ 15 ಪರಿಶಿಷ್ಟ ಜಾತಿಗೆ, ಏಳೂವರೆ ಪರಿಶಿಷ್ಟ ಪಂಗಡಕ್ಕೆ ಮೀಸಲು. ಆ ಸೀಟು ನಮ್ಮದು. ಪ್ರವೇಶ ಪರೀಕ್ಷೆಯ ಅರ್ಜಿಯನ್ನೇ ಹಾಕದಿದ್ದರೆ ಅದನ್ನು ಪಡೆಯುವುದು ಹೇಗೆ?

ದುಡ್ಡಿನ ಮಾತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕೇಂದ್ರದ 2021ರ ಮಾರ್ಗಸೂಚಿ ಹಾಕಿದ ಆದಾಯ ಮಿತಿ 2.5 ಲಕ್ಷ. ಅದರಲ್ಲೇ ಫ್ರೀಶಿಪ್ ಕಾರ್ಡಿನ ಮಾತಿದೆ, ಅಂದರೆ ಮುಂಗಡ ಫೀಸು ಕೇಳದೆ ಸೀಟು ಕೊಡಬೇಕು. ‘ಮೊದಲು ಕಟ್ಟು, ಸ್ಕಾಲರ್‌ಶಿಪ್ ಬಂದಮೇಲೆ ತಗೋ’ ಅನ್ನುವ ಗುಮಾಸ್ತನ ಮುಂದೆ ಈ ಮಾತು ಹೇಳಿ. ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನ ಬೇರೆ ಇದೆ. ಒಂದೇ ಸಲಕ್ಕೆ ಫಸ್ಟ್ ಕ್ಲಾಸಿನಲ್ಲಿ ಪಾಸಾದವರಿಗೆ ಅದು. ಅದೂ ಮೆರಿಟ್ಟೇ, ಕೇಳಲು ನಾಚಿಕೆ ಯಾಕೆ? ಇನ್ನು 2008ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಇನ್‌ಸ್ಪೈರ್ ಯೋಜನೆ. ಮೂಲ ವಿಜ್ಞಾನ ಓದುವವರಿಗೆ ವರ್ಷಕ್ಕೆ 80 ಸಾವಿರದ ಲೆಕ್ಕ. ಆದರೆ ಬೋರ್ಡಿನಲ್ಲಿ ಮೇಲಿನ ನೂರಕ್ಕೆ ಒಬ್ಬರೊಳಗೆ ಬರಬೇಕು, ಇಲ್ಲವೇ ಜೆಇಇ, ನೀಟ್‌ನಂಥ ಪರೀಕ್ಷೆಯಲ್ಲಿ ಮೇಲಿನ ರ‍್ಯಾಂಕು ಬೇಕು. ಇಂಜಿನಿಯರಿಂಗಿಗೆ ಇಲ್ಲ. ಟ್ಯೂಷನ್ನಿಗೆ ಲಕ್ಷ ಸುರಿದವನನ್ನೂ, ಬೆಳಿಗ್ಗೆ ಎದ್ದು ಅಮ್ಮನ ಜೊತೆ ಕೂಲಿಗೆ ಹೋಗಿ ಬಂದು ಓದಿದವಳನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಓಡಿಸುವುದಕ್ಕೆ ಇವರು ಮೆರಿಟ್ ಅನ್ನುತ್ತಾರೆ. ಅಷ್ಟಾದರೂ ಆ ಗೆರೆ ದಾಟಿದ ನಮ್ಮವರು ಗೊತ್ತಿಲ್ಲದೆ ಅದನ್ನು ಬಿಡಬಾರದು.

ಮಂಜೂರಾದ ದುಡ್ಡು ಕೈಗೆ ಬಾರದಿರುವುದೂ ಒಂದು ಹಿಂಸೆಯೇ. 2017ರಿಂದ ಕೇಂದ್ರ ಸರ್ಕಾರ ಹಳೆಯ ಲೆಕ್ಕ ತೋರಿಸಿ ಈ ವಿದ್ಯಾರ್ಥಿವೇತನದ ಭಾರವನ್ನು ರಾಜ್ಯಗಳ ತಲೆಗೆ ಕಟ್ಟಿತ್ತು. ದೇಶದ ತುಂಬ ಕೂಗೆದ್ದಿತು, 2020ರ ಡಿಸೆಂಬರಿನಲ್ಲಿ 60ಕ್ಕೆ 40ರ ಪಾಲಿಗೆ ಬಂತು. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದ ರೋಹಿತ್ ವೇಮುಲ ಸತ್ತಾಗ ಏಳು ತಿಂಗಳ ಫೆಲೋಶಿಪ್ ಬಾಕಿಯಿತ್ತು, 1 ಲಕ್ಷ 75 ಸಾವಿರ. ವಿಜ್ಞಾನದ ಲೇಖಕನಾಗಬೇಕೆಂದಿದ್ದ ಹುಡುಗ ತನ್ನ ಕೊನೆಯ ಪತ್ರದಲ್ಲಿ ಆ ಬಾಕಿಯ ಲೆಕ್ಕ ಬರೆಯಬೇಕಾಯಿತು. ಇದಕ್ಕಿಂತ ದೊಡ್ಡ ನಾಚಿಕೆ ಯಾವುದು?

ಅದಕ್ಕೇ ಒಬ್ಬೊಬ್ಬರೇ ಅರ್ಜಿ ಹಿಡಿದು ಅಲೆಯಬೇಡಿ. ಪ್ರತಿ ಹಾಸ್ಟೆಲಿನಲ್ಲೂ ಮೂರು ಜನ ಮುಂದೆ ಬನ್ನಿ. ಜಾತಿ, ಆದಾಯ ಪತ್ರದ ಆರ್‌ಡಿ ನಂಬರು, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಎಲ್ಲರದೂ ಸರಿಯಿದೆಯೇ ಅಂತ ರಿಸಲ್ಟಿಗೆ ಮೊದಲೇ ನೋಡಿ. ಎಸ್‌ಎಸ್‌ಪಿ ಅರ್ಜಿಯನ್ನು ಒಟ್ಟಿಗೆ ಕೂತು ತುಂಬಿ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಎಷ್ಟು ತಿಂಗಳಾಯಿತು ಅಂತ ಗೋಡೆಯ ಮೇಲೆ ಪಟ್ಟಿ ಅಂಟಿಸಿ. ಆ ಪಟ್ಟಿ ಹಿಡಿದು ಒಟ್ಟಿಗೆ ಇಲಾಖೆಗೆ ನಡೆಯಿರಿ. ಒಬ್ಬ ಕೇಳಿದರೆ ‘ನಾಳೆ ಬಾ’ ಅಂತಾರೆ. ನಲವತ್ತು ಜನ ಕೇಳಿದರೆ ಫೈಲು ಹುಡುಕುತ್ತಾರೆ.

ಸರ್ಕಾರಕ್ಕೆ ನಮ್ಮ ಮಾತು ಇಷ್ಟೇ. ಸರ್ಕಾರಿ ಕಾಲೇಜುಗಳ ಲ್ಯಾಬು ತುಂಬಿಸಿ, ಕಾಯಂ ಮೇಷ್ಟ್ರನ್ನು ಕೊಡಿ, ವಿದ್ಯಾರ್ಥಿವೇತನವನ್ನು ಓದುವ ವರ್ಷದಲ್ಲೇ ಕೊಡಿ.

ಲ್ಯಾಬಿನ ಬೀಗದ ಕೈ ನಮ್ಮ ಕೈಗೂ ಬರಲಿ!

ಜೈಭೀಮ್.