ಚರ್ಚಿನ ಮಡಿ, ಬಾಳಿನ ಮಡಿ

ಮೊಬೈಲ್ ಆಫ್ ಮಾಡಬೇಕು, ಹರಟೆ ನಿಲ್ಲಿಸಬೇಕು, ತೀರ್ಥದಲ್ಲಿ ಬೆರಳದ್ದಿ ಶಿಲುಬೆ ಗುರುತು ಹಾಕಿಕೊಳ್ಳಬೇಕು. ಕಥೋಲಿಕ ಚರ್ಚಿಗೆ ಕಾಲಿಡುವವರಿಗೆ ಈ ಕಟ್ಟುಪಾಡುಗಳನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ದೇವಾಲಯದ ಪಾವಿತ್ರ್ಯ ಇಷ್ಟರಿಂದಲೇ ಉಳಿಯುತ್ತದೆಯೇ? ಇದೆಲ್ಲ ಬೇಕು, ಆದರೆ ಇಷ್ಟೇ ಸಾಲದು ಎನ್ನುತ್ತದೆ ಕ್ರೈಸ್ತ ಪರಂಪರೆ.

ಜೆರುಸಲೇಮಿನ ದೇವಾಲಯದಲ್ಲಿ ಯೇಸು ಚಿನಿವಾರರ ಮೇಜುಗಳನ್ನು ಉರುಳಿಸಿದ ಪ್ರಸಂಗ ಸುವಾರ್ತೆಗಳಲ್ಲಿದೆ. ಆ ಚಿನಿವಾರರು ಎಲ್ಲಿಂದಲೋ ನುಗ್ಗಿ ಬಂದವರಲ್ಲ. ದೇವಾಲಯದ ತೆರಿಗೆಯನ್ನು ತೂರ್ ಪಟ್ಟಣದ ಬೆಳ್ಳಿ ನಾಣ್ಯದಲ್ಲಿ ಕಟ್ಟಬೇಕಿತ್ತು. ಬಡವರಿಗೆ ಅರ್ಪಣೆಗೆ ಪಾರಿವಾಳ ಬೇಕಿತ್ತು. ಪೂಜೆಯ ನಿಯಮಗಳ ಆಸರೆಯಲ್ಲೇ ಬೆಳೆದ ವ್ಯಾಪಾರವದು. ಅಂದರೆ, ಒಂದು ನಿಯಮವನ್ನೂ ಮುರಿಯದೆ ಪವಿತ್ರ ಸ್ಥಳವನ್ನು ಕೆಡಿಸಬಹುದು. ಕಾಣಿಕೆ ಹಿಡಿದು ಬಲಿಪೀಠದ ಮುಂದೆ ನಿಂತಾಗ ಸೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ರಾಜಿಯಾಗಿ ಬರುವಂತೆ ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯಲ್ಲಿದೆ.

ದೇಹವೇ ಪವಿತ್ರಾತ್ಮನ ಆಲಯ ಎಂದು ಕೊರಿಂಥದವರಿಗೆ ಬರೆದ ಸಂತ ಪೌಲ, ಅದೇ ಪತ್ರದಲ್ಲಿ ಪ್ರಭುವಿನ ಭೋಜನದಲ್ಲಿ ಕೆಲವರು ಹಸಿದಿರುವಾಗ ಇನ್ನು ಕೆಲವರು ಉಂಡು ಕುಡಿದು ಮತ್ತರಾಗುವುದನ್ನು ಕಟುವಾಗಿ ಖಂಡಿಸುತ್ತಾನೆ. ಆಗಿನ್ನೂ ಚರ್ಚ್ ಕಟ್ಟಡಗಳಿರಲಿಲ್ಲ, ಮನೆಗಳಲ್ಲೇ ಸೇರುತ್ತಿದ್ದರು. ಸಿರಿಯಾದ ದೂರಾ-ಯುರೋಪೋಸ್‌ನಲ್ಲಿ ಉತ್ಖನನದಿಂದ ಸಿಕ್ಕ 3ನೇ ಶತಮಾನದ ಚರ್ಚ್ ಕೂಡ ಒಂದು ಮಾಮೂಲಿ ಮನೆಯೇ. ಎರಡು ಕೋಣೆಗಳ ನಡುವಿನ ಗೋಡೆ ಒಡೆದು, ಎಲ್ಲರೂ ಕೂರುವಂತೆ ಅವನ್ನು ಒಂದೇ ಹಜಾರವಾಗಿಸಿದ್ದರು.

ತಮಿಳುನಾಡಿನ ವಡಕ್ಕನ್‌ಕುಳಂನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. 1872ರಲ್ಲಿ ಅಲ್ಲಿ ಕಟ್ಟಿದ ಚರ್ಚಿಗೆ ಒಂದೇ ಬಲಿಪೀಠ, ಆದರೆ ಕವಲೊಡೆದ ಎರಡು ಸಭಾಂಗಣಗಳು: ವೆಳ್ಳಾಳ ಜಾತಿಯವರಿಗೊಂದು, ನಾಡಾರ್ ಜಾತಿಯವರಿಗೊಂದು. ಪ್ಯಾಂಟಿನ ಎರಡು ಕಾಲುಗಳಂತಿದ್ದ ಅದಕ್ಕೆ 'ಪ್ಯಾಂಟ್ ಚರ್ಚ್' ಎಂಬ ಅಡ್ಡಹೆಸರೇ ಬಿತ್ತು. ನಡುವಿನ ತಡೆ ತೆಗೆದದ್ದು 1910ರಲ್ಲಿ. ಅಷ್ಟು ವರ್ಷ ಅಲ್ಲಿ ಪೂಜೆ ನಿಂತಿರಲಿಲ್ಲ, ಮೇಣದಬತ್ತಿ ಆರಿರಲಿಲ್ಲ.

ಚರ್ಚ್ ಯಾವುದರಿಂದ ಮೈಲಿಗೆಯಾಗುತ್ತದೆ ಎಂಬುದಕ್ಕೆ ಕಥೋಲಿಕರ ಧರ್ಮಸಂಹಿತೆಯಲ್ಲೇ ಉತ್ತರವಿದೆ. 1983ರ ಸಂಹಿತೆಯ ಪ್ರಕಾರ, ಭಕ್ತರನ್ನು ತಲ್ಲಣಗೊಳಿಸುವ ಘೋರ ಕೃತ್ಯ ಅಲ್ಲಿ ನಡೆದು ಸ್ಥಳ ಅಪವಿತ್ರವಾದರೆ, ಪ್ರಾಯಶ್ಚಿತ್ತದ ವಿಧಿ ಮುಗಿಯುವವರೆಗೆ ಪೂಜೆ ನಡೆಸುವಂತಿಲ್ಲ. ಇಂಗ್ಲೆಂಡಿನ ಕ್ಯಾಂಟರ್‌ಬರಿ ಚರ್ಚಿನೊಳಗೆ 1170ರಲ್ಲಿ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನ ಕೊಲೆಯಾದಾಗ, ಸುಮಾರು ಒಂದು ವರ್ಷ ಅಲ್ಲಿ ಪೂಜೆಯೇ ನಡೆಯಲಿಲ್ಲ.

ಹಾಗಿದ್ದರೆ ಕಟ್ಟಡದ ಹಂಗೇಕೆ, ಮನಸ್ಸೇ ದೇವಾಲಯವಲ್ಲವೇ ಎಂದು ಕೇಳುವವರಿದ್ದಾರೆ. ಅವರು ಮಿಲಾನಿನ ಬಿಷಪ್ ಆಂಬ್ರೋಸ್‌ನನ್ನು ನೆನೆಯಬೇಕು. 390ರಲ್ಲಿ ರೋಮನ್ ಚಕ್ರವರ್ತಿ ಥಿಯೋಡೋಸಿಯಸ್‌ನ ಸೈನಿಕರು ಥೆಸಲೊನಿಕದಲ್ಲಿ ಸಾವಿರಾರು ಜನರನ್ನು ಕೊಂದರು. ನೀನು ಎದುರಿಗಿದ್ದರೆ ನಾನು ಬಲಿಪೂಜೆ ಅರ್ಪಿಸಲಾರೆ ಎಂಬರ್ಥದ ಪತ್ರವನ್ನು ಆಂಬ್ರೋಸ್ ಬರೆದ. ಚಕ್ರವರ್ತಿ ರಾಜಚಿಹ್ನೆಗಳನ್ನು ಕಳಚಿಟ್ಟು ಚರ್ಚಿನಲ್ಲಿ ಎಲ್ಲರೆದುರು ಪಶ್ಚಾತ್ತಾಪ ಪಟ್ಟ. ಮನಸ್ಸೊಂದೇ ದೇವಾಲಯವಾಗಿದ್ದರೆ ಆತ ತನ್ನನ್ನು ತಾನೇ ಕ್ಷಮಿಸಿಕೊಂಡು ಸುಮ್ಮನಾಗಬಹುದಿತ್ತು. ನಾಲ್ಕು ಜನ ಸೇರುವ ಜಾಗವಿದ್ದುದರಿಂದಲೇ ಅವನನ್ನು ತಡೆಯುವುದು ಸಾಧ್ಯವಾಯಿತು. ಬದುಕನ್ನು ಹೀಗೆ ಪ್ರಶ್ನಿಸುವ ಶಕ್ತಿ ಇರುವವರೆಗೆ ಮಾತ್ರ ಪವಿತ್ರ ಸ್ಥಳಕ್ಕೆ ಆ ಹೆಸರು ಸಲ್ಲುತ್ತದೆ.

ಕರ್ನಾಟಕದ ಚರ್ಚುಗಳಲ್ಲೂ ವಾರ್ಷಿಕ ಹಬ್ಬ ಬಂತೆಂದರೆ ಸುಣ್ಣಬಣ್ಣ, ದೀಪಾಲಂಕಾರ, ತೇರಿನ ಖರ್ಚಿನ ಲೆಕ್ಕಕ್ಕೆ ಸಭೆ ಸೇರುತ್ತದೆ. ಅದೇ ಸಭೆಯಲ್ಲಿ ಚರ್ಚ್ ಗುಡಿಸುವವರ ಸಂಬಳ ಎಷ್ಟು, ಮಾತು ಬಿಟ್ಟ ಮನೆಗಳು ಯಾವುವು, ತೇರಿಗೆ ಹೆಗಲು ಕೊಡಲು ಯಾರನ್ನು ಇನ್ನೂ ಕರೆದಿಲ್ಲ ಎಂಬುದನ್ನೂ ಪಾಲನಾ ಸಮಿತಿಗಳು ಚರ್ಚೆಗೆ ತೆಗೆದುಕೊಳ್ಳಲಿ.